ಜೇಬಿರುವ ಪರದೆ

ನನ್ನ ಬಾಯಿ ಸ್ವಲ್ಪ ಉದ್ದ. ನಾನು ಕೆಲಸ ಮಾಡುವ ಗೌನಿನ ಅಂಗಡಿಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಕತ್ತರಿ' ಎನ್ನುತ್ತಾರೆ. ಬಟ್ಟೆ ಕತ್ತರಿಸುವವಳೆಂದು ಆ ಹೆಸರು ಬಂದಿರಬೇಕು ಎಂದು ಹೊಸಬರು ತಿಳಿದುಕೊಳ್ಳುತ್ತಾರೆ. ಹೆಸರಿಟ್ಟವರು ನಮ್ಮ ಮೇಡಂ, ಅಂಗಡಿಯ ಯಜಮಾನಿ. ಇಟ್ಟದ್ದು ನನ್ನ ನಾಲಿಗೆ ನೋಡಿ.

ನಾಲಿಗೆ ಉದ್ದವಾಗದೆ ಇನ್ನೇನಾದೀತು, ನೀವೇ ಹೇಳಿ. ಮದುವೆಯಾಗಿ ಬಂದಾಗಿನಿಂದ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರು ಹೊಲಿದ ಗೌನಿನ ಸೊಂಟ ಬಿಗಿ ಮಾಡುವುದು, ಅದೇ ಗೌನು ಆರು ತಿಂಗಳು ಬಿಟ್ಟು ಬಂದಾಗ ಸೊಂಟ ಸಡಿಲ ಮಾಡುವುದು, ಇಷ್ಟೇ ನನ್ನ ಕೆಲಸ. ಮುಂದಿನ ಕೋಣೆಯಲ್ಲಿ ಬೀದಿಗೆ ಮುಖ ಮಾಡಿದ ಗಾಜಿನ ಶೋಕೇಸು. ಅದರೊಳಗೆ ಒಂದು ಗೊಂಬೆ. ಗೊಂಬೆಯ ಮೈಮೇಲೆ ಒಮ್ಮೆ ಬೆನ್ನಿಲ್ಲದ ಗೌನು, ಒಮ್ಮೆ ತೋಳಿಲ್ಲದ ಗೌನು, ಒಂದು ಸಲವಂತೂ ಎರಡೂ ಇಲ್ಲದ ಗೌನು. ಅದು ಯಾವ ಧೈರ್ಯದ ಮೇಲೆ ನಿಂತಿತ್ತೋ ದೇವರೇ ಬಲ್ಲ. ನಾನು ಹೊಲಿದ ಒಂದೇ ಒಂದು ಬಟ್ಟೆಯೂ ಆ ಗಾಜಿನೊಳಗೆ ಹೋದದ್ದಿಲ್ಲ.

ನನಗೆ ಹೊಲಿಗೆ ಕಲಿಸಿದವರು ನನ್ನ ಅತ್ತೆ. ಈಗ ಅವರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ, ಅದರಲ್ಲೂ ಸೊಸೆಯ ತಪ್ಪು. ಪ್ರತಿ ಸಂಜೆ ಕಾಲಾಡಿಸಲು ಹೊರಟವರು ಅಂಗಡಿಯ ಎದುರು, ರಸ್ತೆಯ ಆ ಬದಿಯಲ್ಲಿ ನಿಂತು ಶೋಕೇಸನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಮನೆಗೆ ಬಂದ ಮೇಲೆ ಒಂದೇ ಮಾತು: "ಇವತ್ತೂ ಇಲ್ಲ."

ಅಷ್ಟೇ. ಆಮೇಲೆ ಆ ವಿಷಯ ಎತ್ತುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಅತ್ತೆಯ ಮೇಲಲ್ಲ. ತಮ್ಮ ಕೈಯಿಂದಾಗದೆ ಉಳಿದದ್ದನ್ನು ನನ್ನ ಕೈಯಲ್ಲಿ ನೋಡಲು ಅವರು ದಿನಾ ಹೋಗಿ ನಿಲ್ಲುತ್ತಿದ್ದರು, ನಾನು ದಿನಾ ಅವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದೆ. ಆ ಮಾತು ಒಂದು ದಿನ ಬದಲಾಗಬೇಕು ಎಂಬ ಆಸೆಯಷ್ಟು ದೊಡ್ಡ ಆಸೆ ನನಗೆ ಬೇರೆ ಯಾವುದೂ ಇರಲಿಲ್ಲ.

ಹಾಗಾಗಿ ಈ ರಂಜಾನಿನಲ್ಲಿ ಒಂದು ಮಧ್ಯಾಹ್ನ, ಮೇಡಂ ಊಟದ ಡಬ್ಬಿ ಬಿಚ್ಚಿ ಕೂತಾಗ, ನಾನು ಮನೆಯಲ್ಲಿ ಹೊಲಿದು ತಂದದ್ದನ್ನು ಅವರ ಮುಂದೆ ಹರವಿದೆ. ಕಡುಹಸಿರು ಬಟ್ಟೆ. ಕತ್ತಿನ ತನಕ ಮುಚ್ಚಿದ್ದು, ಕಾಲಿನ ಗಿಣ್ಣಿನ ತನಕ ಇಳಿದದ್ದು. ಉದ್ದ ತೋಳು, ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಗುಂಡಿಗಳ ಸಾಲು. ನಮಾಜಿಗೆ ಮುಂಚೆ ಕೈ ತೊಳೆಯುವಾಗ ಬಿಚ್ಚಿ ಮೇಲೆ ಮಡಚಿಕೊಳ್ಳಬಹುದು, ಆಮೇಲೆ ಹಾಕಿಕೊಂಡರೆ ಗುಂಡಿಗಳು ಮತ್ತೆ ನಗುತ್ತಾ ಸಾಲಾಗಿ ನಿಲ್ಲುತ್ತವೆ. ಮೈ ಸಡಿಲ, ಯಾರಿಗೂ ಹಿಡಿಯುವಂತೆ ಸೊಂಟಕ್ಕೆ ಅದೇ ಬಟ್ಟೆಯ ಕಟ್ಟುವ ಪಟ್ಟಿ. ನಡೆದರೆ ಕೆಳಗಿನ ಅಗಲದ ಘೇರು ನೀರಿನ ಹಾಗೆ ಹಿಂದೆ ಬರಬೇಕು, ಹಾಗೆ ಕತ್ತರಿಸಿದ್ದೆ. ಇನ್ನೊಂದು ಸಂಗತಿಯೂ ಇತ್ತು, ಎರಡು ಬದಿಯ ಹೊಲಿಗೆಯೊಳಗೆ. ಅದನ್ನು ಆಗ ಹೇಳಲಿಲ್ಲ, ಹೇಳಿದ್ದರೆ ಮೇಡಂ ಬಟ್ಟೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಮೇಡಂ ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನಿದು, ಪರದೆನಾ?"

"ಡ್ರೆಸ್ಸು."

"ಯಾವ ಕಿಟಕಿಗೆ?"

ನನ್ನ ಕಿವಿ ಬಿಸಿಯಾಯಿತು. "ಮೇಡಂ, ರೋಜಾ ಉಪವಾಸ ಇದ್ದಾಗ ಸಿಟ್ಟು ಮಾಡ್ಕೋಬಾರ್ದು. ಅದಕ್ಕೇ ನಿಮ್ಮ ಡಬ್ಬಿ ಇನ್ನೂ ಮೇಜಿನ ಮೇಲಿದೆ."

"ಕೋಪ ಬೇಡ ಕಣೇ ಕತ್ತರಿ. ಹೊಲಿಗೆ ಚೆನ್ನಾಗಿದೆ, ಇಲ್ಲ ಅಂದೆನಾ? ಆದ್ರೆ ಇದನ್ನ ಹಾಕ್ಕೊಂಡು ಹೋಗೋದು ಎಲ್ಲಿಗೆ? ಮೈ ಮುಚ್ಕೊಂಡು ಯಾರಾದ್ರೂ ಪಾರ್ಟಿಗೆ ಹೋಗ್ತಾರಾ?"

"ನಾವು ಹೋಗ್ತೀವಿ. ಈ ತಿಂಗಳು ಪೂರ್ತಿ ನಮಗೆ ಇಫ್ತಾರ್ ಕೂಟಗಳು. ನಮ್ಮ ಹೆಂಗಸರ ಡ್ರೆಸ್ಸು ನೋಡಿದ್ರೆ ನಿಮ್ಮ ಕಣ್ಣು ಕುಕ್ಕುತ್ತೆ."

"ಅಲ್ಲಿ ಕುಡಿಯೋದು ಇರುತ್ತಾ?"

"ಛೆ, ಇಲ್ಲ!"

ಮೇಡಂ ತುತ್ತು ಕೈಯಲ್ಲಿ ಹಿಡಿದು ಹೋ ಎಂದು ನಕ್ಕರು. ಅವರಿಗೆ ಅದು ನಂಬುವ ಮಾತೇ ಅಲ್ಲ. ಹೊಸ ಮಾಲು ಬಂದಾಗಲೆಲ್ಲ ಅಂಗಡಿಯಲ್ಲಿ ಗಿರಾಕಿಗಳಿಗೆ ಪಾರ್ಟಿ ಕೊಡುತ್ತಾರೆ, ಬಾಟಲಿಗಳು ಸಾಲಾಗಿ ಬರುತ್ತವೆ, ಕೊನೆಗೆ ಯಾರಾದರೊಬ್ಬರು ಗೊಂಬೆಯ ಕುತ್ತಿಗೆ ತಬ್ಬಿಕೊಂಡು ಅಳುತ್ತಾರೆ. ಮಾರನೇ ದಿನ ಗೌನಿನ ಕಲೆ ತೆಗೆಯುವವಳು ನಾನು.

"ಕುಡಿಯೋದು ಇಲ್ದಿದ್ರೆ ಅರ್ಧ ಗಂಟೇಲಿ ಎಲ್ರೂ ಚಪ್ಪಲಿ ಹುಡುಕ್ತಾರೆ," ಎಂದರು ಮೇಡಂ. "ನಗೋದು ಹೇಗೆ? ಬಾಯಿ ಬಿಡೋದು ಹೇಗೆ?"

"ನಮ್ಮತ್ತೆ ಬರೀ ನೀರು ಕುಡಿದು ಮನೆ ಹಾರಿ ಹೋಗೋ ಹಾಗೆ ನಗ್ತಾರೆ. ಬೇಕಾದ್ರೆ ಇಲ್ಲೇ ಒಂದು ಇಫ್ತಾರ್ ಇಟ್ಕೊಳ್ಳೋಣ, ನೀವೇ ನೋಡಿ. ನನ್ನ ಕಡೆಯವರು ಬರ್ಲಿ, ನಿಮ್ಮ ಗಿರಾಕಿಗಳೂ ಬರ್ಲಿ. ಗೊಂಬೆಗೆ ಈ ಡ್ರೆಸ್ಸು ಹಾಕೋಣ."

ಮೇಡಂ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. ಪಂತವೆಂದರೆ ಅವರಿಗೆ ಪ್ರಾಣ. "ಸರಿ. ನನ್ನ ಗಿರಾಕಿಗಳಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಮನೆಗೆ ಹೋಗೋ ಮುಂಚೆ ಈ ಪರದೆಗೆ ಆರ್ಡರ್ ಕೊಟ್ರೆ, ಈ ಸೀಸನ್ ಪೂರ್ತಿ ಶೋಕೇಸು ನಿಂದು. ಕೊಡ್ಲಿಲ್ಲ ಅಂದ್ರೆ ಇನ್ನು ಮೇಲೆ ಶೋಕೇಸು ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರ್ದು. ಸೊಂಟ ಬಿಗಿ ಮಾಡು, ಸಡಿಲ ಮಾಡು, ತೆಪ್ಪಗಿರು."

"ಆಯ್ತು," ಎಂದುಬಿಟ್ಟೆ. ಹಿಂದಿನ ಕೋಣೆಗೆ ಬಂದು ಕೂತ ಮೇಲೆ ಒಪ್ಪಿಕೊಂಡದ್ದು ಏನೆಂದು ಹೊಳೆಯಿತು. ತೆಪ್ಪಗಿರುವುದೆಂದರೆ ನನಗೇನು ಹುಡುಗಾಟವೇ?

ಕೂಟದ ದಿನ ಬಂತು. ಬೀದಿಯ ಕಡೆಗೂ ಅಂಗಡಿಯ ಒಳಗಡೆಗೂ ಶೋಕೇಸಿಗೆ ಒಂದೊಂದು ಪರದೆ ಇದೆ, ಬಟ್ಟೆ ಬದಲಿಸುವಾಗ ಎಳೆಯುವುದಕ್ಕೆ. ಬೀದಿಯ ಕಡೆಯ ಪರದೆಯನ್ನು ಮೇಡಂ ಬೆಳಿಗ್ಗೆಯೇ ಎಳೆದು ಪಿನ್ನು ಹಾಕಿದ್ದರು. "ಗೆದ್ದ ಮೇಲೆ ಬೀದಿ. ಅಲ್ಲಿ ತನಕ ಒಳಗಿನವರು ನೋಡಿದ್ರೆ ಸಾಕು," ಎಂದರು. ನಾನು ಗೊಂಬೆಗೆ ಹಸಿರು ಡ್ರೆಸ್ಸು ತೊಡಿಸಿ, ಕತ್ತರಿಸುವ ಮೇಜಿಗೆ ಬಿಳಿ ಬಟ್ಟೆ ಹಾಸಿ ಖರ್ಜೂರ, ಹಣ್ಣು, ತಟ್ಟೆಗಳನ್ನು ಜೋಡಿಸಿದೆ. ಕುಡಿಯುವುದಕ್ಕೆ ನೀರಿನ ಜಗ್ಗುಗಳು, ಒಂದು ದೊಡ್ಡ ಪಾತ್ರೆ ನಿಂಬೆಹಣ್ಣಿನ ಶರಬತ್ತು. ಸಾಕಲ್ಲ?

ಮೊದಲು ಬಂದವರು ಅತ್ತೆ. ಬಗಲಲ್ಲಿ ಮಗುವಿನಷ್ಟು ದೊಡ್ಡ ಫ್ಲಾಸ್ಕು.

"ಇದ್ಯಾಕೆ ಹೊತ್ಕೊಂಡು ಬಂದ್ರಿ?"

"ಯಾಕೆ ಅಂದ್ರೆ? ಶುಂಠಿ ಶರಬತ್ತು. ನಿನ್ನ ಮೇಡಂ ಮನೆ ಬುದ್ಧಿ ನಮಗೆ ಗೊತ್ತಾಯ್ತಲ್ಲ," ಎಂದು ಮೂಗು ಮುರಿದು ಒಳಗೆ ಹೋದರು.

ಅರ್ಥವಾಗಲಿಲ್ಲ. ಅಷ್ಟರಲ್ಲಿ ನಾದಿನಿ ಬಂದಳು, ಎರಡು ಕೈಯಲ್ಲಿ ಎರಡು ಬಾಟಲಿ ಗುಲಾಬಿ ಹಾಲು. ಅವಳ ಹಿಂದೆ ಓರಗಿತ್ತಿ, ಪುದೀನದ ನೀರು. ಪಕ್ಕದ ಮನೆಯವರು ಕಲ್ಲಂಗಡಿ ರಸವನ್ನು ಬಕೆಟ್ಟಿನಲ್ಲೇ ತಂದಿದ್ದರು, ಮುಚ್ಚಳದ ಮೇಲೆ ಕಲ್ಲು ಬೇರೆ. ಬಾಗಿಲಲ್ಲಿ ನಿಂತ ನನಗೆ ತಲೆ ಗಿರ್ರೆಂದಿತು. ಇನ್ನು ಮೇಡಂ ಗಿರಾಕಿಗಳ ಸರದಿ. ಹಲ್ಲಿನ ಡಾಕ್ಟರಮ್ಮ ಕಾರಿನಿಂದ ಇಳಿದವರೇ ಡಿಕ್ಕಿ ತೆಗೆದು ನೀರಿನ ದೊಡ್ಡ ಕ್ಯಾನನ್ನು ಉರುಳಿಸಿಕೊಂಡು ಬಂದರು.

"ಅಯ್ಯೋ ಡಾಕ್ಟ್ರೇ, ನೀವೂನಾ? ಯಾಕೆ?"

"ಪಾಪ, ಬೆಳಿಗ್ಗೆಯಿಂದ ನೀರು ಕುಡಿಯದವರು ಬರ್ತಾರೆ. ಇಲ್ಲಿ ನೀರೂ ಕೊಡಲ್ಲ ಅಂತ ಮೆಸೇಜ್ ಬಂತಲ್ಲಮ್ಮ!"

ಮೊಬೈಲು ತೋರಿಸಿದರು. ಮೇಡಂ ಎಲ್ಲರಿಗೂ ಕಳಿಸಿದ ಕರೆಯೋಲೆ. ಕೆಳಗೆ ದಪ್ಪ ಅಕ್ಷರದಲ್ಲಿ: "ವಿಶೇಷ ಸೂಚನೆ: ಈ ಕೂಟದಲ್ಲಿ ಕುಡಿಯಲು ಏನೂ ಇರುವುದಿಲ್ಲ."

ನಾನು ಮೊಬೈಲು ಹಿಡಿದುಕೊಂಡೇ ಒಳಗೆ ಓಡಿದೆ. "ಮೇಡಂ! ಏನಿದು? ರೋಜಾ ಬಿಡೋರಿಗೆ ಕುಡಿಯೋಕೆ ಏನೂ ಇಲ್ಲ ಅಂತ ಬರೀತಾರಾ ಯಾರಾದ್ರೂ?"

"ಕುಡಿಯೋದು ಅಂದ್ರೆ *ಕುಡಿಯೋದು* ಕಣೇ!" ಮೇಡಂ ಹೆಬ್ಬೆರಳು ಬಾಯಿಗಿಟ್ಟು ತಲೆ ಹಿಂದಕ್ಕೆ ವಾಲಿಸಿ ತೋರಿಸಿದರು. "ಅದು ಎಲ್ರಿಗೂ ಗೊತ್ತಾಗಲ್ವಾ?"

"ಕುಡಿಯೋರಿಗೆ ಗೊತ್ತಾಗುತ್ತೆ! ನಮಗೆ ಕುಡಿಯೋದು ಅಂದ್ರೆ ನೀರು!"

ಮೇಡಂ ಇಂಗು ತಿಂದ ಮಂಗನ ಹಾಗೆ ನಿಂತರು. ಅಷ್ಟು ಹೊತ್ತಿಗೆ ಟ್ರಯಲ್ ರೂಮಿನ ತುಂಬ ಫ್ಲಾಸ್ಕು, ಕ್ಯಾನು, ಬಕೆಟ್ಟು, ಬಾಟಲಿ. ಅವರ ಯಾವ ಪಾರ್ಟಿಗೂ ಇಷ್ಟು ಬಾಟಲಿ ಬಂದಿರಲಿಲ್ಲ.

ಹೊತ್ತು ಮುಳುಗಿತು. ನಾದಿನಿಯ ಮೊಬೈಲಿನಲ್ಲಿ ನಮಾಜಿನ ಬಾಂಗ್ ಕೇಳಿದಾಗ ಆ ಗದ್ದಲವೆಲ್ಲ ಒಮ್ಮೆಗೇ ನಿಂತಿತು. ಎಲ್ಲರ ಕೈಯಲ್ಲೂ ಒಂದು ಖರ್ಜೂರ. ಮೇಡಂ ಗಿರಾಕಿಗಳೂ ನಮ್ಮನ್ನು ನೋಡಿ ಕಾದು, ನಮ್ಮ ಜೊತೆಗೇ ಬಾಯಿಗಿಟ್ಟರು. ಮೊದಲ ಗುಟುಕು ನೀರು ಗಂಟಲಲ್ಲಿ ಇಳಿಯುವಾಗ ಆಗುವ ಸುಖವನ್ನು ನಾನು ಹೇಳಲಾರೆ, ಕಣ್ಣು ತಾನೇ ಮುಚ್ಚುತ್ತದೆ.

"ನಾನೂ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಲೆಕ್ಕಕ್ಕೆ ಬರುತ್ತಾ?" ಡಾಕ್ಟರಮ್ಮ ಅತ್ತೆಯನ್ನು ಕೇಳಿದರು.

"ಬರುತ್ತೆ ಬರುತ್ತೆ," ಎಂದರು ಅತ್ತೆ, "ಚಿಲ್ಲರೆ ಲೆಕ್ಕದಲ್ಲಿ."

ನಾವು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಸರಿಸಿ ನಮಾಜು ಮುಗಿಸಿ ಬಂದಾಗ ಯಾರೂ ಚಪ್ಪಲಿ ಹುಡುಕುತ್ತಿರಲಿಲ್ಲ. ಬದಲಿಗೆ ಗುಲಾಬಿ ಹಾಲು ಮೇಲೋ ಪುದೀನ ಮೇಲೋ ಎಂದು ಜಗಳ ಎದ್ದಿತ್ತು. ನಾದಿನಿ ಹಾಕಿಕೊಂಡಿದ್ದ ನೇರಳೆ ಬಣ್ಣದ ಉದ್ದ ಕೋಟನ್ನು ಒಬ್ಬಾಕೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ತಲೆಗೆ ಸ್ಕಾರ್ಫನ್ನು ಹಾಗೆ ಸುತ್ತುವುದು ಹೇಗೆಂದು ಇನ್ನೊಬ್ಬಾಕೆ ಓರಗಿತ್ತಿಯ ಮುಂದೆ ಕೂತು ಕಲಿಯುತ್ತಿದ್ದಳು, ಮೂರು ಸಲ ಕಣ್ಣಿಗೇ ಕಟ್ಟಿಕೊಂಡಳು. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ ಗೊಂಬೆಯ ಹತ್ತಿರ ಹೋದವರೆಲ್ಲ ಒಂದೇ ರಾಗ ಹಾಡಿ ಬರುತ್ತಿದ್ದರು. "ತುಂಬಾ ಚೆನ್ನಾಗಿದೆ." ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. "ಆದ್ರೆ ನಮಗಲ್ಲ ಬಿಡಿ." ಡಾಕ್ಟರಮ್ಮ ಅಂತೂ ತೋಳಿನ ಗುಂಡಿ ಸವರಿ, "ನಮ್ಮ ಅಜ್ಜಿಗೆ ಒಪ್ಪುತ್ತಿತ್ತು, ಈಗಿಲ್ಲ ಪಾಪ," ಎಂದರು. ಮೇಡಂ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ತೀರಿಹೋದ ಅಜ್ಜಿ ಆರ್ಡರ್ ಕೊಡುವ ಹಾಗಿರಲಿಲ್ಲ. ನಾಳೆಯೂ ಅತ್ತೆ ಆ ಬದಿಯಲ್ಲಿ ನಿಲ್ಲುತ್ತಾರೆ, ನಾಡಿದ್ದೂ ನಿಲ್ಲುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಸೊಂಟ ಬಿಗಿ ಮಾಡುತ್ತಿರುತ್ತೇನೆ.

ಅಷ್ಟರಲ್ಲಿ ಶರಬತ್ತಿನ ಜಗಳ ತೀರ್ಪಿಗೆ ಬಂತು. ನಾದಿನಿ ಎಲ್ಲವನ್ನೂ ಒಂದೇ ಥರದ ಲೋಟಗಳಿಗೆ ಸುರಿದು, ಲೋಟದ ಮೇಲೆ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಂಕಿ ಬರೆದಳು. ತೀರ್ಪುಗಾರರು ಇಬ್ಬರು: ಒಂದು ಕಡೆಯಿಂದ ಮೇಡಂ, ಇನ್ನೊಂದು ಕಡೆಯಿಂದ ಅತ್ತೆ. ಇಬ್ಬರೂ ಎತ್ತರದ ಸ್ಟೂಲಿನ ಮೇಲೆ ನ್ಯಾಯಾಧೀಶರ ಹಾಗೆ ಕೂತರು. ಮೇಡಂ ಮೈಮೇಲೆ ಅವತ್ತು ಬಿಗಿಯಾದ ಕೆಂಪು ಗೌನು. ಅದರ ಸೊಂಟ ಬಿಗಿ ಮಾಡಿದವಳು ನಾನೇ, ಬೇಡ ಬೇಡ ಎಂದರೂ ಕೇಳದೆ ಮಾಡಿಸಿಕೊಂಡಿದ್ದರು.

ಮೊದಲ ಲೋಟ, ಎರಡನೇ ಲೋಟ ಆಯಿತು. ಮೂರನೆಯದನ್ನು ಅತ್ತೆ ಬಾಯಿಗಿಟ್ಟವರೇ ಮುಖ ಕಿವುಚಿದರು.

"ಥೂ! ಇದೇನು ಶರಬತ್ತಾ, ಕಷಾಯನಾ? ಗಂಟಲು ಸುಟ್ಟು ಹೋಯ್ತು. ಯಾವ ಪುಣ್ಯಾತ್ಗಿತ್ತಿ ಮಾಡಿದ್ದು ಇದನ್ನ? ಕೈಗೆ ಅಳತೆ ಬೇಡ್ವಾ? ಇವಳನ್ನ ಮದುವೆ ಮಾಡ್ಕೊಂಡವನ ಗತಿ ಏನಾಯ್ತೋ!"

ನಾದಿನಿ ಮೆಲ್ಲಗೆ ಮೂಲೆಯಲ್ಲಿದ್ದ ದೊಡ್ಡ ಫ್ಲಾಸ್ಕಿನ ಕಡೆ ಕೈ ತೋರಿಸಿದಳು. "ಅಮ್ಮಾ, ಅದು ನಿಂದೇ."

ಅತ್ತೆ ಲೋಟವನ್ನು ನೋಡಿದರು, ಫ್ಲಾಸ್ಕನ್ನು ನೋಡಿದರು. ಇನ್ನೊಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, "ಎರಡನೇ ಸಲ ಕುಡಿದ್ರೆ ಪರವಾಗಿಲ್ಲ," ಎಂದರು. "ನಿಮ್ಮಪ್ಪನೂ ಹಾಗೇ ಅಂತಿದ್ರು."

ಅಂಗಡಿ ಒಮ್ಮೆಗೇ ಸ್ಫೋಟವಾಯಿತು. ಡಾಕ್ಟರಮ್ಮ ನೆಲಕ್ಕೆ ಕೂತುಬಿಟ್ಟರು. ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮೇಡಂ ತೊಡೆ ತಟ್ಟಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಸುರಿಸಿ, ಉಸಿರು ಸಿಗದೆ ಮುಂದಕ್ಕೆ ಬಗ್ಗಿದರು. ಪರ್‍ರ್ ಎಂದು ಸದ್ದಾಯಿತು.

ಹಿಂದಿನ ಜಿಪ್ಪು ಕತ್ತಿನಿಂದ ಸೊಂಟದವರೆಗೂ ಕಿತ್ತುಹೋಗಿತ್ತು.

ಮೇಡಂ ಬೆನ್ನನ್ನು ಗೋಡೆಗೆ ಅಂಟಿಸಿ ಹಲ್ಲಿಯ ಹಾಗೆ ಸರಿಯುತ್ತಾ ನನ್ನ ಹತ್ತಿರ ಬಂದರು. "ಕತ್ತರಿ, ಏನಾದ್ರೂ ಮಾಡೇ!"

ಜಿಪ್ಪಿನ ಹಲ್ಲುಗಳು ಅರ್ಧ ನೆಲದ ಮೇಲಿದ್ದವು. ಅಂಗಡಿಯಲ್ಲಿದ್ದ ಬಿಗಿ ಗೌನುಗಳೆಲ್ಲ ಗೊಂಬೆಯ ಅಳತೆಯವು, ಮೇಡಮ್ಮಿಗೆ ಮೊಣಕೈ ದಾಟುವುದಿಲ್ಲ. ನನ್ನ ಮನಸ್ಸು ಲಾಗ ಹಾಕಿತು. ಆದರೂ ಮುಖ ಗಂಭೀರ ಮಾಡಿಕೊಂಡೆ.

"ಒಂದು ಪರದೆ ಇದೆ. ಸುತ್ಕೊಳ್ತೀರಾ?"

ಅವರು ನನ್ನನ್ನು ನುಂಗುವ ಹಾಗೆ ನೋಡಿದರು. ಬೇರೆ ದಾರಿ ಇರಲಿಲ್ಲ. ಟ್ರಯಲ್ ರೂಮಿನಲ್ಲಿ ಬಕೆಟ್ಟುಗಳಿದ್ದವು, ಹಾಗಾಗಿ ಶೋಕೇಸಿನೊಳಗೇ ಹತ್ತಿ ಒಳಗಿನ ಪರದೆಯನ್ನೂ ಎಳೆದುಕೊಂಡರು. ನಾವೆಲ್ಲ ಹೊರಗೆ ನಿಂತು ಕಾದೆವು. ಗೊಂಬೆಯ ಕೈ ಕಳಚಿದ ಸದ್ದು, ಮೇಡಂ ಬೈದ ಸದ್ದು, ಬಟ್ಟೆಯ ಸರಸರ. ಆಮೇಲೆ ನಿಶ್ಶಬ್ದ. ಹಿಡಿಸಲಿಲ್ಲವೇನೋ ಎಂದು ನಾನು ಪರದೆಯ ಅಂಚಿಗೆ ಕಿವಿ ಇಟ್ಟೆ.

"ಕತ್ತರಿ," ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. "ಇದೇನೇ ಇಲ್ಲಿ... ಜೇಬಾ?"

ಅದೇ, ಆ ಇನ್ನೊಂದು ಸಂಗತಿ. ನಮ್ಮ ಅಂಗಡಿಯಲ್ಲಿ ಜೇಬಿಗೆ ಜಾಗವಿಲ್ಲ. ಗೌನಿಗೆ ಜೇಬಿಟ್ಟರೆ ಅಂದ ಕೆಡುತ್ತದೆಂಬುದು ಮೇಡಂ ಮಾಡಿದ ಕಾನೂನು. ಗಿರಾಕಿಗಳು ಬೇಡಿಕೊಂಡರೂ ಇಲ್ಲ. ನಾನು ಬದಿಯ ಹೊಲಿಗೆಯಲ್ಲಿ ಬಾಯಿ ಬಚ್ಚಿಟ್ಟು, ಆಳವಾಗಿ ಎರಡು ಇಟ್ಟಿದ್ದೆ. ಹಾಗೆ ಇಡುವುದನ್ನು ಕಲಿಸಿದವರು ಅತ್ತೆ.

"ಹೌದು ಮೇಡಂ. ಬೇಡ ಅಂದ್ರೆ ಹೊಲಿದು ಮುಚ್ತೀನಿ."

"ಮುಟ್ಟಿದ್ರೆ ನೋಡು!"

ಪರದೆ ಸರ್ರೆಂದು ಸರಿಯಿತು. ಮೇಡಂ ಎರಡೂ ಕೈ ಜೇಬಿಗಿಟ್ಟು ನಿಂತಿದ್ದರು. ಹೊಟ್ಟೆ ಒಳಗೆಳೆದುಕೊಳ್ಳದೆ, ಭುಜ ಇಳಿಬಿಟ್ಟು, ನೆಮ್ಮದಿಯಾಗಿ ಉಸಿರಾಡುತ್ತಾ. ಅಷ್ಟು ಚೆಂದವಾಗಿ ಅವರು ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಒಂದು ಸುತ್ತು ತಿರುಗಿದರು. ಘೇರು ಅವರ ಹಿಂದೆ ನೀರಿನ ಹಾಗೆಯೇ ಬಂತು. ಮತ್ತೊಂದು ಸುತ್ತು ತಿರುಗಿದರು, ಸುಮ್ಮನೆ, ಸಣ್ಣ ಹುಡುಗಿಯ ಹಾಗೆ.

"ಜೇಬಿದೆ ಕಣ್ರೇ!" ಎಂದು ಕೂಗಿದರು.

"ಜೇಬಾ?" ಡಾಕ್ಟರಮ್ಮ ನೆಲದಿಂದ ಎದ್ದರು. "ಎಲ್ಲಿ? ಎಷ್ಟು ಆಳ?" ಕೈ ಹಾಕಿ ಮೊಬೈಲು ಇಳಿಸಿದರು, ಕನ್ನಡಕ ಇಳಿಸಿದರು, ಕಾರಿನ ಕೀ ಇಳಿಸಿದರು. ಯಾವುದೂ ಹೊರಗೆ ಕಾಣಲಿಲ್ಲ. ಯಾರೋ ಒಂದು ಹಿಡಿ ಖರ್ಜೂರ ತುಂಬಿದರು. ಹೆಂಗಸರೆಲ್ಲ ಮೇಡಂ ಸುತ್ತ ಮುಗಿಬಿದ್ದರು. "ನಂಗೆ ಇದೇ ಬೇಕು," ಎಂದರು ಡಾಕ್ಟರಮ್ಮ. "ಈ ಮೈಮೇಲಿರೋದೇ ಬೇಕು, ಬಿಚ್ಚಿ ಕೊಡಿ."

"ಇದು ಮಾರೋದಲ್ಲ, ನಂದು," ಎಂದು ಮೇಡಂ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬೇಕಾದ್ರೆ ಹೊಲಿಸ್ಕೊಳ್ಳಿ."

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಪಂತ ನೆನಪಾಯಿತು. ನನ್ನನ್ನು ನೋಡಿದರು. ನಾನು ತುಟಿ ಕಚ್ಚಿ ನಿಂತಿದ್ದೆ.

"ಏನೇ ಹಾಗೆ ಕಂಬದ ಥರ ನಿಂತಿದ್ದೀಯಾ?" ಎಂದು ಮೇಡಂ ಗದರಿದರು. "ಗಿರಾಕಿ ಕಾಯ್ತಿದ್ದಾರೆ. ಅಳತೆ ತಗೋ!"

ಅಳತೆ ಪಟ್ಟಿ ಹಿಡಿದು ಡಾಕ್ಟರಮ್ಮನ ಸೊಂಟವನ್ನು ಎರಡು ಸಲ ಅಳೆದೆ, ಎರಡು ಸಲವೂ ಬೇರೆ ಬಂತು. ಅಷ್ಟರಲ್ಲಿ ಅತ್ತೆಯ ದನಿ ಏರಿತು. ಅವರು ಶೋಕೇಸಿನೊಳಗೆ ಇಣುಕಿ, ಮೈಮೇಲೆ ಏನೂ ಇಲ್ಲದೆ ಒಂದೇ ಕೈ ಉಳಿದು ನಿಂತಿದ್ದ ಗೊಂಬೆಯನ್ನು ನೋಡಿಬಿಟ್ಟಿದ್ದರು. "ಅಯ್ಯಯ್ಯೋ! ಇದಕ್ಕೊಂದು ಮಾನ ಬೇಡ್ವಾ?" ಎಂದು ತಮ್ಮ ಹೆಗಲಿನ ಶಾಲನ್ನು ತೆಗೆದು ಗೊಂಬೆಗೆ ತಲೆಯಿಂದ ಕಾಲಿನವರೆಗೂ ಹೊದಿಸಿದರು. ಆಮೇಲೆ ಬೀದಿಯ ಕಡೆಯ ಪರದೆಯನ್ನು ನೋಡಿದರು.

"ಇದ್ಯಾಕೆ ಇನ್ನೂ ಮುಚ್ಚಿದೆ?"

ಮೇಡಂ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿದರು. ದಿನಾ ಸಂಜೆ ರಸ್ತೆಯ ಆ ಬದಿಯಲ್ಲಿ ಬಂದು ನಿಲ್ಲುವವರು ಯಾರೆಂದು ಆಗ ಗುರುತು ಹತ್ತಿರಬೇಕು. ಮತ್ತೆ ಶೋಕೇಸಿಗೆ ಹತ್ತಿದರು, ಪಿನ್ನುಗಳನ್ನು ಕಿತ್ತರು. "ಅಮ್ಮಾ, ಒಳಗಿಂದ ಏನು ಕಾಣುತ್ತೆ?" ಎಂದರು. "ನಿಮ್ಮ ಜಾಗದಿಂದ ನೋಡಿ. ಕತ್ತರಿ, ಕರ್ಕೊಂಡು ಹೋಗು."

ನಾನು ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದೆ. ಎಡವುತ್ತಾ ನಗುತ್ತಾ ದಾಟಿದೆವು, ಚಪ್ಪಲಿ ಅದಲು ಬದಲಾಗಿತ್ತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅತ್ತೆ ತಮ್ಮ ಮಾಮೂಲಿ ಜಾಗದಲ್ಲಿ, ದೀಪದ ಕಂಬದ ಪಕ್ಕ ನಿಂತು ಉಸಿರು ಸರಿ ಮಾಡಿಕೊಂಡರು.

ಎದುರಿಗೆ ಪರದೆ ಸರಿಯಿತು. ಶೋಕೇಸಿನ ದೀಪ ಹೊತ್ತಿಕೊಂಡಿತು. ಹಸಿರು ಡ್ರೆಸ್ಸಿನಲ್ಲಿ ಮೇಡಂ, ಕೈ ಜೇಬಿನಲ್ಲಿ, ಪಕ್ಕದಲ್ಲಿ ಶಾಲು ಹೊದ್ದ ಗೊಂಬೆ. ಹಿಂದೆ ಲೋಟ ಎತ್ತಿ ಹಿಡಿದು ಕೂಗುತ್ತಿದ್ದ ಹೆಂಗಸರು. ಮೇಡಂ ಜೇಬಿನಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡು ಬೀದಿಗೆಲ್ಲ ಕೈ ಬೀಸಿದರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಗಾಜಿನ ಹತ್ತಿರ ಹೋಗಿ ನಿಂತಳು.

ಅತ್ತೆ ಮೇಲಿಂದ ಕೆಳಗೆ ನೋಡಿದರು. ಕೆಳಗಿಂದ ಮೇಲೆ ನೋಡಿದರು. ನನ್ನ ಕೈಯನ್ನು ಬಿಡಲಿಲ್ಲ.

"ಇವತ್ತು ಇದೆ," ಎಂದರು.

ನನಗೆ ಅಳು ಬಂದೇಬಿಟ್ಟಿತು. ಅತ್ತೆಗೂ ಬಂತೆಂದು ಕಾಣುತ್ತದೆ, ಅದಕ್ಕೇ ಮೂಗು ಒರೆಸಿಕೊಂಡು ದನಿ ಗಡಸು ಮಾಡಿದರು. "ಎಡಗೈಯ ಗುಂಡಿ ಒಂದು ತಪ್ಪು ಹಾಕ್ಕೊಂಡಿದಾಳೆ ನೋಡು ನಿನ್ನ ಮೇಡಂ. ಜನ ನೋಡ್ತಾ ಇದಾರೆ. ಓಡು, ಸರಿ ಮಾಡು."

ನಾನು ರಸ್ತೆಯ ಎರಡೂ ಕಡೆ ನೋಡಿ, ಕಣ್ಣು ಒರೆಸಿಕೊಂಡು, ನನ್ನ ಶೋಕೇಸಿಗೆ ಓಡಿದೆ.